ಹಬ್ಬದ ದಿನದ ರೋಜಾ

ಚಂದ್ರ ನೋಡಲು ಮಾಳಿಗೆಯ ಬಾಗಿಲು ತೆಗೆಯಿರಿ ಎಂದು ಕೇಳುವ ಧೈರ್ಯ ದಾವಲಬಿಗೆ ಇರಲಿಲ್ಲ. ಅವಳ ಪರವಾಗಿ ಭವಾನಿ ಕೇಳಿದಳು. ಭವಾನಿಗೆ ರೋಜಾದ ಉಪವಾಸ ಇಲ್ಲ, ಈ ರಂಜಾನ್ ಹಬ್ಬವೂ ಅವಳದಲ್ಲ. ಆದರೆ ಅವಳಿಗೆ ಬಾಯಿ ಇತ್ತು.

"ಇತ್ತಾ, ಇವರಿಗೆ ಚಂದ್ರ ನೋಡಬೇಕಂತ. ಮ್ಯಾಲಿನ ಕೀಲಿ ತಗೀರಿ. ನಾನೂ ನೋಡಿ ಬರ್ತೀನಿ. ನನ್ನ ನೋಡಿ ಅಂವೇನ್ ಮಾರಿ ಮುಚ್ಚಿಕೊಳ್ಳಂಗಿಲ್ಲ."

ಜುಬೈದಾ ನಗಲಿಲ್ಲ. ಹುಡುಗಿಯರನ್ನು ನೋಡಿಕೊಳ್ಳುವ ಕೆಲಸ ಅವಳದು. ಕಾಸರಗೋಡಿನವಳು, ಕನ್ನಡ ಬಲ್ಲವಳು, ಅದಕ್ಕೇ ಅವಳನ್ನು ಇಟ್ಟಿದ್ದರು. ಎಲ್ಲರೂ ತನ್ನನ್ನು ಇತ್ತಾ ಎಂದು, ಅಂದರೆ ಅಕ್ಕ ಎಂದು ಕರೆಯಬೇಕೆಂದು ಮೊದಲ ದಿನವೇ ಹೇಳಿದ್ದಳು. ಸೊಂಟದಲ್ಲಿದ್ದ ಕೀಲಿಗೊಂಚಲಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು.

"ನಾನು ನೋಡಿ ಬರ್ತೇನೆ. ನೀವೆಲ್ಲ ಮೇಲೆ ಹತ್ತುದು ಬೇಡ. ಹೊರಗಿನವರು ನೋಡ್ತಾರೆ."

ಹೊರಗಿನವರು ನೋಡಬಾರದು. ಆ ಕಟ್ಟಡದ ಮೊದಲ ಕಾನೂನು ಅದು. ಮಟ್ಟಾಂಚೇರಿಯ ಹಿಂಬದಿಯಲ್ಲಿ, ಒಂದು ಕಾಲಕ್ಕೆ ಕಾಳುಮೆಣಸು ತುಂಬುತ್ತಿದ್ದ ಹಳೇ ಗೋದಾಮು. ಈಗ ಕೆಳಗೆ ಸಿಗಡಿ ಸುಲಿಯುವ ಶೆಡ್ಡು, ಮೇಲೆ ಹುಡುಗಿಯರು ಮಲಗುವ ಕೋಣೆ. ಕೋಣೆಯ ಕಿಟಕಿಗಳಿಗೆ ತಗಡು ಹೊಡೆದಿದ್ದರು. ಬಂದ ದಿನವೇ ಮೊಬೈಲು ಇದ್ದವರ ಮೊಬೈಲು ಇಸಿದುಕೊಂಡಿದ್ದರು. ಊರಿಗೆ ಫೋನು ಮಾಡಬೇಕೆಂದರೆ ಜುಬೈದಾಳ ಎದುರು, ಅವಳ ಫೋನಿನಿಂದ, ಅವಳಿಗೆ ಕೇಳುವಂತೆ ಮಾತಾಡಬೇಕು.

ದಾವಲಬಿ ಗದಗ ಕಡೆಯ ಹಳ್ಳಿಯವಳು. ಪಿಂಜಾರರ ಹುಡುಗಿ. ಅವಳ ಅಪ್ಪ ಬಿಲ್ಲು ಮಿಡಿದು ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಪೇಟೆಗೆ ಫೋಮಿನ ಗಾದಿ ಬಂದಿತು, ಬಿಲ್ಲು ಗೋಡೆಯ ಗೂಟಕ್ಕೆ ಹೋಯಿತು, ದಾವಲಬಿ ಶಾಲೆ ಬಿಟ್ಟಳು. ಊರಿನಲ್ಲಿ ಅವರು ಪೂರಾ ಯಾರಿಗೂ ಸೇರಿದವರಲ್ಲ. ಹಿಂದೂಗಳಿಗೆ ಅವರು ಸಾಬರು. ಪೇಟೆಯ ಸಾಬರಿಗೆ ಅವರು ಮನೆಯಲ್ಲಿ ಕನ್ನಡ ಮಾತಾಡುವ, ಉರ್ದು ಬಾರದ, ಅರ್ಧ ಕಲಿತ ಮಂದಿ. ಇಲ್ಲಿಗೆ ಬಂದ ಮೇಲೆ ಜುಬೈದಾಳೂ ಅದನ್ನೇ ಹೇಳಿದ್ದಳು. ದಾವಲಬಿ ನಮಾಜಿಗೆ ನಿಂತಾಗ ಹಿಂದಿನಿಂದ ನೋಡಿ, "ಎಂಥ ಮುಸ್ಲಿಮರು ಮಾರಾಯ್ತಿ ನೀವು? ಕೈ ಎಲ್ಲಿ ಕಟ್ಟುದು ಅಂತ ಗೊತ್ತಿಲ್ಲ," ಎಂದಿದ್ದಳು. ಹುಡುಗಿಯರೆಲ್ಲ ನಕ್ಕಿದ್ದರು. ದಾವಲಬಿಯೂ ನಕ್ಕಿದ್ದಳು. ಅಂದಿನಿಂದ ಅವಳು ಗೋಡೆಯ ಮೂಲೆಯಲ್ಲಿ, ಯಾರಿಗೂ ಕಾಣದಂತೆ ನಮಾಜು ಮಾಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಜುಬೈದಾ ಮೆಟ್ಟಿಲಿಳಿದು ಬಂದಳು.

"ಕಾಣ್ಲಿಲ್ಲ. ಮೋಡ. ನಾಳೆಯೂ ನೋಂಬು ಉಂಟು. ನಾಡಿದ್ದು ಪೆರ್ನಾಳ್."

ನೋಂಬು ಎಂದರೆ ರೋಜಾ, ಪೆರ್ನಾಳ್ ಎಂದರೆ ಹಬ್ಬ. ಅಷ್ಟು ಮಾತು ಎಲ್ಲರಿಗೂ ತಿಳಿಯುತ್ತಿತ್ತು.

"ಮಸೂತ್ಯಾಗ ಕೇಳಿದ್ರೇನ್ರಿ?" ಎಂದಳು ಖಾಜಾಬಿ. ಅವಳು ಆ ಗುಂಪಿನಲ್ಲಿ ಹಿರಿಯಳು. ಗಂಡ ಸತ್ತ ಮೇಲೆ ಮಗಳ ಮದುವೆಯ ಸಾಲ ತೀರಿಸಲು ಬಂದವಳು. ಸಕ್ಕರೆ ಕಾಯಿಲೆ ಇತ್ತು. ಒಂದು ರೋಜಾವನ್ನೂ ಬಿಟ್ಟಿರಲಿಲ್ಲ. ಎಲ್ಲರೂ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು.

"ನಾನು ಹೇಳಿದ್ದು ಸಾಕಾಗುದಿಲ್ವಾ ನಿಮಗೆ?"

ಖಾಲಾ ತಲೆಯ ಸೆರಗು ಸರಿಮಾಡಿಕೊಂಡಳು. ನಮಾಜು ತಪ್ಪಿಸದ ಹೆಂಗಸು ಚಂದ್ರನ ವಿಷಯದಲ್ಲಿ ಸುಳ್ಳು ಹೇಳುತ್ತಾಳೆಂದು ಯಾರು ತಾನೇ ಅಂದುಕೊಳ್ಳುತ್ತಾರೆ? ಕೆಳಗೆ ಕಂಪ್ರೆಸರು ಗುಡುಗುಡು ಎನ್ನುತ್ತಿತ್ತು. ಅದು ನಡೆಯುತ್ತಿರುವಾಗ ಪಕ್ಕದ ಹಾಸಿಗೆಯವರು ಬಾಗಿ ಹೇಳಿದರಷ್ಟೇ ಮಾತು ಕೇಳುತ್ತಿತ್ತು. ಮಸೀದಿಯ ದನಿ ಎಲ್ಲಿ ಕೇಳಬೇಕು?

ಬೆಳಗಾಗುವ ಮುಂಚೆ ಜುಬೈದಾಳೇ ಬಂದು ಸಹರಿಯ ಊಟಕ್ಕೆ ಎಬ್ಬಿಸಿದಳು. ಗಂಜಿ ಮತ್ತು ಚಟ್ನಿ. ದಿನವೂ ಅವಳು ಹುಡುಗಿಯರ ಜೊತೆ ಕೂತು ನಾಲ್ಕು ತುತ್ತು ತಿನ್ನುತ್ತಿದ್ದಳು. ಅಂದು ಕೂರಲಿಲ್ಲ. "ನಂದು ಆಯ್ತು," ಎಂದು ನಿಂತೇ ಬಡಿಸಿದಳು. ದಾವಲಬಿ ಅದನ್ನು ನೋಡಿದಳು. ನೋಡುವುದು ಅವಳ ಚಟ. ಮಾತು ಕಡಿಮೆ ಇದ್ದವರ ಕಣ್ಣಿಗೆ ಬೇರೆ ಕೆಲಸವಿರುವುದಿಲ್ಲ.

ಶೆಡ್ಡಿಗೆ ಇಳಿದಾಗ ಎಡಗಡೆಯ ಮೇಜುಗಳು ಖಾಲಿ ಇದ್ದವು. ಅಲ್ಲಿ ದಿನವೂ ಊರಿನ ಹೆಂಗಸರು ಕೂರುತ್ತಿದ್ದರು. ಮಟ್ಟಾಂಚೇರಿಯ ಮುಸ್ಲಿಮರು, ಚೆಲ್ಲಾನಂ ಕಡೆಯ ಕ್ರಿಶ್ಚಿಯನ್ನರು. ಅಂದು ಒಬ್ಬರೂ ಇಲ್ಲ.

"ಅವರೆಲ್ಲಿ?" ಎಂದಳು ಭವಾನಿ.

"ರಜೆ ಹೇಳಿ ಹೋಗಿದ್ದಾರೆ. ನಿಮ್ಮ ಕೆಲಸ ನೀವು ನೋಡಿ."

ಹಿಂದಿನ ದಿನ ದೋಣಿಗಳು ತುಂಬಿ ಬಂದಿದ್ದವು. ಸಿಗಡಿಯ ರಾಶಿ ಐಸಿನ ಕೆಳಗೆ ಹೂತುಕೊಂಡಿತ್ತು. ಹೊರಗೆ ಕಂಟೈನರ್ ಬಂದು ನಿಂತಿತ್ತು. ಸಂಜೆಯೊಳಗೆ ಅದು ತುಂಬಬೇಕು, ಹಡಗು ಕಾಯುವುದಿಲ್ಲ ಎಂದು ಮೇಲ್ವಿಚಾರಕ ವಿಲ್ಸನ್ ಬೆಳಿಗ್ಗೆಯಿಂದ ಮಲಯಾಳದಲ್ಲಿ ಕೂಗುತ್ತಿದ್ದ.

ಸಿಗಡಿ ಸುಲಿಯುವುದನ್ನು ನೋಡಿದವರಿಗೆ ಅದು ಸುಲಭದ ಕೆಲಸ. ತಲೆ ಚಿವುಟು, ಚಿಪ್ಪು ಬಿಡಿಸು, ಬೆನ್ನಿನ ಕರಿ ನರ ಎಳೆ, ಬೇಸನ್ನಿಗೆ ಹಾಕು. ಕೈಯನ್ನು ಐಸಿನೊಳಗೆ ಇಟ್ಟುಕೊಂಡೇ ಇದನ್ನು ಮಾಡಬೇಕು. ಮೊದಲು ಬೆರಳು ಉರಿಯುತ್ತವೆ, ಆಮೇಲೆ ನೋಯುತ್ತವೆ, ಆಮೇಲೆ ಏನೂ ಇಲ್ಲ. ಏನೂ ಇಲ್ಲದಾಗ ಸಿಗಡಿಯ ತಲೆಯ ಮುಳ್ಳು ಉಗುರಿನ ಸಂದಿಗೆ ಹೋದರೂ ತಿಳಿಯುವುದಿಲ್ಲ. ಬಿಳಿ ಬೇಸನ್ನಿನಲ್ಲಿ ಕೆಂಪು ಕಂಡಾಗಲೇ ಗೊತ್ತಾಗುವುದು. ಗಾಯದ ಮೇಲೆ ಕ್ಲೋರಿನ್ ನೀರು ಬೀಳುತ್ತದೆ. ದಾವಲಬಿಯ ಬೆರಳ ತುದಿಗಳು ಸುಲಿದು ಸುಲಿದು ರೇಖೆಗಳೇ ಇರಲಿಲ್ಲ.

ರೋಜಾದ ತಿಂಗಳಿನಲ್ಲಿ ಇದು ಇನ್ನೊಂದು ಬಗೆಯ ಶಿಕ್ಷೆ. ಗಂಟಲು ಒಣಗಿ ಬಿರಿಯುತ್ತಿರುತ್ತದೆ. ಕೈ ಐಸಿನಲ್ಲಿರುತ್ತದೆ. ಕರಗಿದ ನೀರು ಮೇಜಿನ ಅಂಚಿನಿಂದ ತೊಡೆಯ ಮೇಲೆ ಇಳಿಯುತ್ತದೆ. ಮುಖಕ್ಕೆ ಸಿಡಿದ ಹನಿ ತುಟಿಗೆ ತಾಗಿದರೆ ಭುಜಕ್ಕೆ ಒರೆಸಿಕೊಳ್ಳಬೇಕು.

ಚಿಪ್ಪಿನ ಬುಟ್ಟಿ ತುಂಬಿತು. ಅಂದು ಅದನ್ನು ಸುರಿಯುವ ಪಾಳಿ ದಾವಲಬಿಯದು. ಬುಟ್ಟಿ ಹೊತ್ತು ಹಿಂಬಾಗಿಲಿನಿಂದ ಹಿತ್ತಿಲಿಗೆ ಹೋದಳು. ಸುತ್ತಲೂ ಎತ್ತರದ ಗೋಡೆ. ಗೋಡೆಯ ಬುಡದಲ್ಲಿ ಚಿಪ್ಪಿನ ಗುಂಡಿ, ಅದರ ಮೇಲೆ ಕಾಗೆಗಳು. ಬುಟ್ಟಿ ಮಗುಚಿ ನೆಟ್ಟಗೆ ನಿಂತಳು.

ಆಗ ಕೇಳಿಸಿತು.

ಅಲ್ಲಾಹು ಅಕ್ಬರ್, ಅಲ್ಲಾಹು ಅಕ್ಬರ್. ಒಬ್ಬರ ದನಿಯಲ್ಲ. ಬಹಳ ಜನರ ದನಿ, ಒಂದೇ ಲಯದಲ್ಲಿ, ನಿಂತು ನಿಂತು, ಮತ್ತೆ ಮತ್ತೆ. ಇದು ಬಾಂಗು ಅಲ್ಲ. ಅವಳಿಗೆ ಗೊತ್ತಿತ್ತು. ಊರಿನಲ್ಲಿ ಗಂಡಸರೆಲ್ಲ ಈದ್ಗಾಕ್ಕೆ ಹೋಗುವಾಗ ಹೀಗೆ ಹೇಳಿಕೊಂಡು ಹೋಗುತ್ತಿದ್ದರು. ಹೆಂಗಸರು ಮನೆಯಲ್ಲಿ ಶೀರ್‌ಕುರ್ಮಾ ಪಾಯಸದ ಹಾಲು ಕಾಯಿಸುತ್ತ ಅದನ್ನು ಕೇಳುತ್ತಿದ್ದರು. ಹಬ್ಬದ ಬೆಳಿಗ್ಗೆ ಬಿಟ್ಟರೆ ರಂಜಾನಿನ ಯಾವ ದಿನವೂ ಅದನ್ನು ಹಾಗೆ ಹೇಳುವುದಿಲ್ಲ.

ಗೋಡೆಯ ಇಟ್ಟಿಗೆ ಬಿರಿದ ಕಡೆ ಕಣ್ಣಿಟ್ಟಳು. ಓಣಿಯಲ್ಲಿ ಜನ ಹೋಗುತ್ತಿದ್ದರು. ಹೊಸ ಅಂಗಿಯ ಮಡಿಕೆ ಇನ್ನೂ ಬಿಡದ ಗಂಡಸರು. ಅವರ ಹಿಂದೆ ಹೆಂಗಸರು. ಹೆಂಗಸರ ತೋಳಿನಲ್ಲೂ ಮಡಚಿದ ಜಾನಮಾಜು, ನಮಾಜಿನ ಚಾಪೆ. ದಾವಲಬಿ ಕಣ್ಣು ಕಿರಿದು ಮಾಡಿ ನೋಡಿದಳು. ಇಲ್ಲಿ ಹೆಂಗಸರೂ ಈದ್ಗಾಕ್ಕೆ ಹೋಗುತ್ತಾರೆ. ಎಡಗಡೆಯ ಮೇಜಿನಲ್ಲಿ ಕೂರುವ ನಬೀಸು ಹೋಗುತ್ತಿದ್ದಳು. ಸುಲಿಯುವಾಗ ಹಾಕುವ ಟೋಪಿಯಿಲ್ಲದೆ ಮೊದಲಿಗೆ ಗುರುತೇ ಹತ್ತಲಿಲ್ಲ.

"ಎಂದಾ ಅವಿಡೆ?"

ಅಲ್ಲೇನು ಎನ್ನುತ್ತ ಹಿಂದೆ ವಿಲ್ಸನ್ ನಿಂತಿದ್ದ. ದಾವಲಬಿ ಬುಟ್ಟಿ ಎತ್ತಿಕೊಂಡು ಅವನ ಮುಖ ನೋಡದೆ ಒಳಗೆ ಓಡಿದಳು.

ಯಾರಿಗೂ ಹೇಳಲಿಲ್ಲ. ಕೈ ಐಸಿಗೆ ಹಾಕಿದಳು. ತಲೆ ಚಿವುಟಿದಳು, ಚಿಪ್ಪು ಬಿಡಿಸಿದಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮಳೆಗಾಲದಲ್ಲಿ ಕುಸುಮಾವತಿ ಎಂಬವಳು ಊಟದಲ್ಲಿ ಹುಳ ಬಂತೆಂದು ತಟ್ಟೆ ನೂಕಿದ್ದಳು. ಅದೇ ಮಧ್ಯಾಹ್ನ ಪೆಟ್ಟಿಗೆ ಇಡಲು ಕೋಲ್ಡ್ ರೂಮಿಗೆ ಹೋದಾಗ ಬಾಗಿಲು ಹಾಕಿಕೊಂಡಿತು. ಗಾಳಿಗೆ ಹಾಕಿಕೊಂಡಿತು ಎಂದರು. ಒಳಗಿನಿಂದ ಅವಳು ಬಡಿಯುವುದು ಕಂಪ್ರೆಸರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ ಎಂದರು. ಹೊರಗೆ ತಂದಾಗ ಅವಳ ತುಟಿ ನೀಲಿಯಾಗಿತ್ತು, ಹಲ್ಲು ಕಚ್ಚಿಕೊಂಡಿತ್ತು. ಮರುದಿನ ಅವಳು ಇರಲಿಲ್ಲ. ಊರಿಗೆ ಕಳಿಸಿದೆವು ಎಂದರು. ಅವಳ ಟ್ರಂಕು ಇನ್ನೂ ಮಂಚದ ಕೆಳಗೇ ಇತ್ತು.

ದಾವಲಬಿಗೆ ಇನ್ನೊಂದು ಹೆದರಿಕೆಯೂ ಇತ್ತು. ಅದು ಇದಕ್ಕಿಂತ ದೊಡ್ಡದು. ಇವತ್ತು ಹಬ್ಬವಾಗಿದ್ದರೆ ರೋಜಾ ಇರುವುದು ಹರಾಮು. ಇಂದು ದೇವರೇ ಉಣ್ಣಲು ಹೇಳಿದ ದಿನ. ಹಬ್ಬವಲ್ಲದಿದ್ದರೆ, ಬೇಕೆಂದೇ ರೋಜಾ ಮುರಿದರೆ, ಅದಕ್ಕೆ ಬಿಡದೆ ಎರಡು ತಿಂಗಳು ಉಪವಾಸವಿದ್ದು ತೀರಿಸಬೇಕು. ಉಂಡರೂ ಪಾಪ ಆಗಬಹುದು, ಉಣದಿದ್ದರೂ ಆಗಬಹುದು. ಯಾರನ್ನು ಕೇಳುವುದು? ಕೇಳಬಹುದಾದವಳ ಸೊಂಟದಲ್ಲಿ ಕೀಲಿಗಳಿದ್ದವು.

ಪಕ್ಕದಲ್ಲಿದ್ದ ಖಾಲಾಳ ಕಡೆ ಬಾಗಿದಳು. "ಖಾಲಾ, ಹೊರಗ ತಕ್ಬೀರ್ ಹೇಳಾಕತ್ತಾರ."

"ಏನಂದಿ?"

"ಈದ್ ಹಬ್ಬದ ತಕ್ಬೀರ್. ನಾ ಕೇಳೀನಿ. ಮಂದಿ ಹೊಸ ಅರಿವಿ ಹಾಕ್ಕೊಂಡು ಹೊಂಟಾರ."

ಖಾಲಾಳ ಕೈ ನಿಂತಿತು. ಆಮೇಲೆ ಮತ್ತೆ ಸಿಗಡಿ ಎತ್ತಿಕೊಂಡಿತು. "ಅದು ಇವರದಿದ್ದೀತು. ಇವರ ಲೆಕ್ಕ ಬ್ಯಾರೆ ಇರತೈತಿ. ನಮ್ಮೂರಾಗೂ ಒಮ್ಮೆ ಮ್ಯಾಗಿನ ಓಣ್ಯಾಗ ಇವತ್ತು, ಕೆಳಗಿನ ಓಣ್ಯಾಗ ನಾಳೆ ಆಗಿತ್ತು. ಇತ್ತಾ ಹೇಳ್ಯಾಳಲ್ಲ."

"ಇತ್ತಾನೂ ಇವರಾಕಿನ ಅಲ್ಲೇನ?"

"ಸುಮ್ಕಿರು ಬೇ. ನಮಾಜಿನಾಕಿ ಅಕಿ. ರೋಜಾದಾಗ ಇನ್ನೊಬ್ಬರ ಮ್ಯಾಲೆ ಸಂಶೆ ಪಡಬಾರದು."

ಎದುರಿನಿಂದ ಬಾಗಿದ್ದ ಭವಾನಿಗೆ ಎಲ್ಲ ಕೇಳಿಸಿತ್ತು. ಅವಳು ಆಗ ತಮಾಷೆ ಮಾಡಲಿಲ್ಲ. ದಾವಲಬಿಯ ಮುಖವನ್ನೇ ನೋಡುತ್ತ ಸುಲಿದಳು.

ಬಿಸಿಲೇರಿತು. ಶೆಡ್ಡಿನ ತಗಡು ಕಾಯಿತು. ಮೇಲೆ ಬೆಂಕಿ, ಕೆಳಗೆ ಐಸು. ಜುಬೈದಾ ಬೇಸನ್ನು ನೋಡುತ್ತ ಸಾಲಿನಲ್ಲಿ ಬಂದಳು. ದಾವಲಬಿಯ ಹಿಂದೆ ನಿಂತು, ಅವಳ ಭುಜದ ಮೇಲಿಂದ ಬಾಗಿ, ಒಂದು ಸಿಗಡಿ ಎತ್ತಿ ಹಿಡಿದಳು.

"ನರ ಬಿಟ್ಟಿದ್ದಿ. ಎಂತ ನೋಡುದು ನೀನು? ನಿದ್ರೆಯಾ?"

ಅವಳ ಉಸಿರು ದಾವಲಬಿಯ ಕೆನ್ನೆಗೆ ತಾಗಿತು. ಏಲಕ್ಕಿ ಹಾಕಿದ ಚಹಾ. ಅದರ ಹಿಂದೆ ತುಪ್ಪದಲ್ಲಿ ಹುರಿದ ಈರುಳ್ಳಿ.

ಒಂದು ತಿಂಗಳಿನಿಂದ ಆ ಮೇಜಿನಲ್ಲಿ ಎಲ್ಲರ ಬಾಯಿಯಿಂದ ಒಂದೇ ವಾಸನೆ ಬರುತ್ತಿತ್ತು. ಹಸಿದ ಬಾಯಿಯ ಒಣ ಹುಳಿ ವಾಸನೆ. ಜುಬೈದಾಳ ಬಾಯಿಯಿಂದಲೂ ಬರುತ್ತಿತ್ತು. ಇವತ್ತಿಲ್ಲ. ದಾವಲಬಿ ಮೆಲ್ಲಗೆ ಮುಖ ತಿರುಗಿಸಿ ನೋಡಿದಳು. ಜುಬೈದಾಳ ತುಟಿ ಒದ್ದೆಯಾಗಿತ್ತು. ಬಿರಿದಿರಲಿಲ್ಲ.

ದಾವಲಬಿಗೆ ಎಲ್ಲ ತಿಳಿಯಿತು. ಜುಬೈದಾ ಸುಳ್ಳು ಹೇಳಬಲ್ಲಳು. ಆದರೆ ಹಬ್ಬದ ದಿನ ತಾನು ರೋಜಾ ಇರಲಾರಳು. ಆ ಪಾಪಕ್ಕೆ ಅವಳು ಹೆದರುತ್ತಾಳೆ. ಅದನ್ನು ಹುಡುಗಿಯರ ತಲೆಗೆ ಕಟ್ಟಿ, ತಾನು ಉಂಡು ಬಂದಿದ್ದಾಳೆ.

ತಿಳಿದರೂ ಬಾಯಿ ಬರಲಿಲ್ಲ. ತಿಳಿದ ಮೇಲೆ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮೊದಲು ಗೊತ್ತಿಲ್ಲ ಎಂಬ ನೆಪವಾದರೂ ಇತ್ತು. ಈಗ ಎಳೆದ ನರ ಅರ್ಧಕ್ಕೇ ತುಂಡಾಗುತ್ತಿತ್ತು.

ಆಗ ಖಾಲಾ ಬಿದ್ದಳು.

ಸದ್ದೇ ಆಗಲಿಲ್ಲ. ಕುಳಿತ ಕ್ರೇಟಿನಿಂದ ಪಕ್ಕಕ್ಕೆ ಜಾರಿ, ಐಸಿನ ನೀರು ನಿಂತ ನೆಲದ ಮೇಲೆ ಮಲಗಿದಳು, ಅಷ್ಟೆ. ಟೋಪಿ ಕಳಚಿ ನರೆತ ಕೂದಲು ನೀರಿಗೆ ಬಿತ್ತು. ಭವಾನಿ ಮೇಜು ಹತ್ತಿ ದಾಟಿ ಬಂದಳು. ಇಬ್ಬರೂ ಸೇರಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದರು. ಖಾಲಾಳ ಮೈ ಬೆವರಿನಿಂದ ತೊಯ್ದಿತ್ತು, ಕೈ ಅದುರುತ್ತಿತ್ತು.

"ಸಕ್ರಿ ಇಳದೈತಿ," ಎಂದಳು ಭವಾನಿ. "ನೀರು ತರ್ರಿ. ಏನರ ಸೀ ಇದ್ರ ಕೊಡ್ರಿ."

ಬಾಗಿಲ ಬಳಿ ರೋಜಾ ಇಲ್ಲದವರಿಗೆಂದು ಕೊಡ, ಲೋಟ ಇದ್ದವು. ಯಾರೋ ಲೋಟ ತುಂಬಿ ತಂದರು. ಭವಾನಿ ಅದನ್ನು ಖಾಲಾಳ ಬಾಯಿಗೆ ಹಿಡಿದಳು. ಖಾಲಾ ಕಣ್ಣು ತೆರೆದಳು. ಲೋಟ ನೋಡಿದಳು. ತುಟಿ ಬಿಗಿಯಾಗಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು.

"ರೋಜಾ," ಎಂದಳು. "ಇದೊಂದ ಉಳದೈತಿ. ಮುರಿಸಬ್ಯಾಡ ಯವ್ವಾ."

ಜುಬೈದಾ ಅಲ್ಲೇ ನಿಂತಿದ್ದಳು. ಮೂರು ಮಾರು ದೂರದಲ್ಲಿ. ಒಂದು ಮಾತು ಸಾಕಿತ್ತು. ಕುಡಿಯಿರಿ ಖಾಲಾ, ಇವತ್ತು ರೋಜಾ ಇಲ್ಲ ಎಂದರೆ ಮುಗಿಯಿತು. ಅವಳ ಬಾಯಿ ಸ್ವಲ್ಪ ತೆರೆಯಿತು. ದಾವಲಬಿ ಅದನ್ನೇ ನೋಡುತ್ತಿದ್ದಳು. ಆ ಬಾಯಿ ಮತ್ತೆ ಮುಚ್ಚಿಕೊಂಡಿತು.

"ಸ್ವಲ್ಪ ಹೊತ್ತು ಕೂತ್ಕೊಳ್ಳಲಿ," ಎಂದಳು ಜುಬೈದಾ. "ನೋಂಬಿನಲ್ಲಿ ಹೀಗೆ ಆಗ್ತದೆ. ಉಳಿದವರು ಕೆಲಸಕ್ಕೆ ಕೂತ್ಕೊಳ್ಳಿ."

ದಾವಲಬಿ ಕೂರಲಿಲ್ಲ. ಭವಾನಿಯ ಕೈಯಿಂದ ಲೋಟ ತೆಗೆದುಕೊಂಡಳು. ತನ್ನ ಬಾಯಿಗೇ ಎತ್ತಿದಳು. ಅರ್ಧ ನೀರು ಗಲ್ಲದ ಮೇಲೆ ಹರಿಯಿತು. ಉಳಿದರ್ಧವನ್ನು ಎಲ್ಲರೂ ನೋಡುತ್ತಿದ್ದಂತೆ ಗಟಗಟ ಕುಡಿದಳು. ಸಾಲಿನಲ್ಲಿ ಯಾರೋ "ಯಾ ಅಲ್ಲಾ" ಎಂದರು. ಒಬ್ಬಳು ಕಿವಿ ಮುಚ್ಚಿಕೊಂಡಳು, ಗುಟುಕಿನ ಸದ್ದು ಕೇಳಿಯೇ ಪಾಪ ಬರುತ್ತದೆಂಬಂತೆ.

"ಹುಚ್ಚಾ ನಿನಗೆ?" ಜುಬೈದಾ ಮುಂದೆ ಬಂದಳು. "ಇಷ್ಟು ಜನರ ಎದುರಿಗೆ ನೋಂಬು ಮುರೀತಿಯಾ? ಮೊದಲೇ ನಿಮ್ಮ ದೀನು-ಧರ್ಮ ಅಷ್ಟಕ್ಕಷ್ಟೆ. ನಾಚಿಕೆ ಇಲ್ವಾ?"

"ಇತ್ತಾ," ಎಂದಳು ದಾವಲಬಿ. ಅವಳ ದನಿ ಅವಳಿಗೇ ಕೇಳಲಿಲ್ಲ. ಮತ್ತೊಮ್ಮೆ ಹೇಳಿದಳು. "ಇತ್ತಾ, ನೀವು ರೋಜಾ ಅದೀರೇನ್ರಿ?"

"ಅದು ನಿನಗೆ ಎಂತಕ್ಕೆ?"

"ಅದೀನಿ ಅಂತ ಖಾಲಾನ ತಲಿ ಮ್ಯಾಲೆ ಕೈಯಿಟ್ಟು ಹೇಳ್ರಿ."

ಜುಬೈದಾ ಕೈ ಎತ್ತಲಿಲ್ಲ.

"ಹೇಳ್ರಿ. ಅಲ್ಲಾನ ಆಣಿ, ಇವತ್ತ ನಂದು ರೋಜಾ ಐತಿ ಅಂತ ಹೇಳ್ರಿ. ನೀವು ಹೇಳಿದ್ರ ನಾನು ಎರಡು ತಿಂಗಳ ರೋಜಾ ಹಿಡೀತೀನಿ. ನಿಮ್ಮ ಕಾಲೂ ಹಿಡೀತೀನಿ."

ಸುಲಿಯುವ ಕೈಗಳು ನಿಂತಿದ್ದವು. ಎಲ್ಲರ ಕಣ್ಣು ಜುಬೈದಾಳ ಮೇಲಿತ್ತು. ಅವಳು ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡಳು. ಏಕೆ ಒರೆಸಿಕೊಂಡಳೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ. ಅದೇ ಸಾಕಾಯಿತು.

"ಖಾಲಾ," ಎಂದಳು ಭವಾನಿ ಮತ್ತೆ ಲೋಟ ತುಂಬಿ ತಂದು, "ಇವತ್ತ ನಿಮ್ಮ ಹಬ್ಬ ಅಂತ. ನೀರು ಕುಡೀರಿ."

ಖಾಲಾ ಜುಬೈದಾಳನ್ನು ನೋಡಿದಳು. ಬೈಯಲಿಲ್ಲ. ಅವಳಿಗೆ ಬೈಯುವ ತ್ರಾಣ ಇರಲಿಲ್ಲ. "ಇತ್ತಾ, ಇಷ್ಟ ಹೊತ್ತಿನಿಂದ ನಾನು ಹರಾಮು ಮಾಡಾಕತ್ತಿದ್ದೆನ?" ಎಂದು ಕೇಳಿದಳು. ಮಗು ಕೇಳಿದ ಹಾಗೆ. ಆಮೇಲೆ ಲೋಟಕ್ಕೆ ಬಾಯಿ ಕೊಟ್ಟಳು. ಭವಾನಿ ಮೇಲಿನ ಕೋಣೆಗೆ ಓಡಿ ತನ್ನ ಬಿಸ್ಕತ್ತಿನ ಪೊಟ್ಟಣ ತಂದಳು. ನೀರಿನಲ್ಲಿ ಅದ್ದಿ ಖಾಲಾಳ ಬಾಯಿಗಿಟ್ಟಳು. ಕೊಡ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೇ ಕುಡಿದರು. ಕುಡಿಯುವಾಗ ಕೆಲವರು ಅತ್ತರು.

ಜುಬೈದಾಳ ಸೊಲ್ಲು ಬದಲಾಯಿತು. ದಾವಲಬಿಯ ಹತ್ತಿರ ಬಂದು ಮೆಲುದನಿಯಲ್ಲಿ ಹೇಳಿದಳು. "ಕೇಳು ಮಾರಾಯ್ತಿ. ಕಂಟೈನರ್ ಒಂದು ತುಂಬಿಹೋಗ್ಲಿ. ನಾಳೆ ನಿಮಗೆ ಹಬ್ಬ ಮಾಡಿಸ್ತೇನೆ. ನಾನೇ ಅಡಿಗೆ ಮಾಡ್ತೇನೆ. ನನ್ನ ಮಗಳು ಆಯೇಷಾ ತಿರುವನಂತಪುರದಲ್ಲಿ ನರ್ಸಿಂಗ್ ಓದ್ತಾ ಉಂಟು. ನಮ್ಮ ಯಜಮಾನ್ರು ಹಾಜಿಯಾರ್ ಫೀಸು ಕಟ್ಟುದು. ಅವರು ಕಂಟೈನರ್ ತುಂಬಬೇಕು ಅಂದ್ರೆ ನಾನು ಎಂತ ಮಾಡ್ಲಿ? ನೀವು ಹಬ್ಬ ಅಂತ ಗೊತ್ತಾದ್ರೆ ಕೆಲಸಕ್ಕೆ ಕೂರ್ತಿದ್ರಾ? ಹೇಳು."

ದಾವಲಬಿ ಒಂದು ಗಳಿಗೆ ಅವಳ ಮುಖ ನೋಡಿದಳು. ಮಗಳಿಗಾಗಿ ಹೆದರಿದ ತಾಯಿಯ ಮುಖ ಅವಳು ಕಂಡಿದ್ದಳು, ತನ್ನ ಮನೆಯಲ್ಲೇ. ಆದರೆ ಗೋಡೆಗೊರಗಿದ ಖಾಲಾ ಇನ್ನೂ ನಡುಗುತ್ತಿದ್ದಳು. ಇವಳು ನೋಡುತ್ತ ನಿಂತಿದ್ದಳಲ್ಲ. ನೀರಿನ ಲೋಟ ಎದುರಿಗಿತ್ತಲ್ಲ.

"ನಾಳೆ ಮಾಡಿದ್ರ ಅದು ಹಬ್ಬ ಅಲ್ರಿ," ಎಂದಳು.

ಕ್ರೇಟಿನ ಮೇಲೆ ಕುಳಿತಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಐಸಿನಿಂದ ಹೊರಗೆ ಬಂದ ಕೈಗೆ ರಕ್ತ ಹರಿದು ಚುಚ್ಚತೊಡಗಿತು. ಉಳಿದವರು ಒಬ್ಬರನ್ನೊಬ್ಬರು ನೋಡಿಕೊಂಡರು. ನಂತರ ಒಬ್ಬೊಬ್ಬಳೇ ಮೇಜಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಖಾಲಾ ಗೋಡೆ ಹಿಡಿದು ಎದ್ದಳು. ದಾವಲಬಿಯನ್ನು ಅಪ್ಪಿಕೊಂಡಳು. ಬಲಕ್ಕೊಮ್ಮೆ, ಎಡಕ್ಕೊಮ್ಮೆ, ಮತ್ತೆ ಬಲಕ್ಕೊಮ್ಮೆ, ಈದ್ ದಿನ ಅಪ್ಪಿಕೊಳ್ಳುವ ಹಾಗೆ. ಇಬ್ಬರ ರಬ್ಬರು ಏಪ್ರನ್ನುಗಳು ಒದ್ದೆಯಾಗಿ ಅಂಟಿಕೊಂಡವು. ಸಿಗಡಿಯ ನಾತ. ಭವಾನಿ, "ನನಗ ಇಲ್ಲೇನ್ರಿ?" ಎಂದಳು. ಖಾಲಾ ಅವಳನ್ನೂ ಅಪ್ಪಿಕೊಂಡಳು.

ವಿಲ್ಸನ್ ಬಂದು ಕೂಗಾಡಿದ. ಯಾರೂ ಏಳಲಿಲ್ಲ. ಅವನು ಮೊಬೈಲು ತೆಗೆದು ಹೊರಗೆ ಹೋದ. ಮತ್ತೆ ಬಂದು ಕೋಲ್ಡ್ ರೂಮಿನ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡು ನಿಂತ. ಸುಮ್ಮನೆ ಕೈಯಿಟ್ಟುಕೊಂಡು ದಾವಲಬಿಯನ್ನೇ ನೋಡಿದ. ಕುಸುಮಾವತಿಯ ನೀಲಿ ತುಟಿ ಕಣ್ಣಿಗೆ ಬಂತು.

ಭವಾನಿ ತನ್ನ ಕ್ರೇಟನ್ನು ನೆಲದ ಮೇಲೆ ಕಿರ್ರನೆ ಎಳೆದುಕೊಂಡು ಹೋದಳು. ಕೋಲ್ಡ್ ರೂಮಿನ ಬಾಗಿಲಿಗೆ ಒತ್ತಿ ಇಟ್ಟು, ಅದಕ್ಕೆ ಬೆನ್ನು ಕೊಟ್ಟು ಕುಳಿತಳು.

"ಚೇಟ್ಟಾ, ಅಣ್ಣಾ, ಸ್ವಲ್ಪ ಅತ್ಲಾಗ ಸರೀರಿ. ನನಗ ಇಲ್ಲೇ ತಂಪು ಹತ್ತತೈತಿ."

ಹುಡುಗಿಯರಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಿಲ್ಸನ್‌ಗೆ ಮಾತು ತಿಳಿಯಲಿಲ್ಲ, ನಗು ತಿಳಿಯಿತು. ಅವನ ಮುಖ ಕೆಂಪಾಯಿತು. ಹೋಗಿ ಕಂಪ್ರೆಸರಿನ ಸ್ವಿಚ್ಚು ಆರಿಸಿದ. ಕೆಲಸವಿಲ್ಲದಿದ್ದರೆ ಕರೆಂಟು ಏಕೆ ಎಂದಿರಬೇಕು.

ಒಮ್ಮೆಲೇ ನಿಶ್ಶಬ್ದ. ಇಷ್ಟು ತಿಂಗಳಲ್ಲಿ ಮೊದಲ ಸಲ ಅವರಿಗೆ ಹೊರಗಿನ ಲೋಕ ಕೇಳಿಸಿತು. ಓಣಿಯಲ್ಲಿ ಮಕ್ಕಳು ಪಟಾಕಿ ಹೊಡೆಯುತ್ತಿದ್ದರು. ಯಾರೋ ಯಾರನ್ನೋ ಕರೆಯುತ್ತಿದ್ದರು. ಎಲ್ಲಿಯೋ ಪಾತ್ರೆಗೆ ಸೌಟು ಬಡಿಯುತ್ತಿತ್ತು.

ನಂತರ ಗೇಟಿನ ಬಳಿ ಕಾರು ನಿಂತಿತು. ಬೀಗ ತೆರೆದ ಸದ್ದಾಯಿತು.

ಹಾಜಿಯಾರ್ ಒಳಗೆ ಬಂದರು. ಶೆಡ್ಡಿನ ಯಜಮಾನರು. ಗರಿಗರಿ ಬಿಳಿ ಮುಂಡು, ಬಿಳಿ ಅಂಗಿ, ತಲೆಗೆ ಹೆಣೆದ ಟೋಪಿ. ಅವರಿಗಿಂತ ಮುಂಚೆ ಅತ್ತರಿನ ಪರಿಮಳ ಬಂತು. ದಿನವೂ ಅವರು ಬಂದೊಡನೆ ಎಲ್ಲರೂ ಎದ್ದು ನಿಲ್ಲಬೇಕಿತ್ತು. ಅಭ್ಯಾಸಬಲದಿಂದ ಇಬ್ಬರು ಮೂವರು ಅರ್ಧ ಎದ್ದರು. ದಾವಲಬಿ ಏಳದಿದ್ದುದನ್ನು ನೋಡಿ ಮತ್ತೆ ಕುಳಿತರು.

ಅವರು ವಿಲ್ಸನ್‌ನನ್ನು ಮಲಯಾಳದಲ್ಲಿ ಏನೋ ಕೇಳಿದರು. ವಿಲ್ಸನ್ ಜುಬೈದಾಳನ್ನು ತೋರಿಸಿದ. ಜುಬೈದಾ ನೆಲ ನೋಡಿದಳು. ಕರಗಿದ ಐಸು ಹಾಜಿಯಾರರ ಚಪ್ಪಲಿಯ ಕೆಳಗಿನಿಂದ ಹರಿಯುತ್ತಿತ್ತು.

ದಾವಲಬಿ ಈವರೆಗೆ ಅವರ ಜೊತೆ ಮಾತಾಡಿರಲಿಲ್ಲ. ಅವರ ಮುಖವನ್ನು ಪೂರ್ತಿ ನೋಡಿಯೂ ಇರಲಿಲ್ಲ. ಈಗಲೂ ನೋಡಲಿಲ್ಲ. ಅವರ ಅಂಗಿಯ ಗುಂಡಿ ನೋಡಿಕೊಂಡು ಕೇಳಿದಳು.

"ಹಾಜಿಯಾರ್, ನೀವು ಈದ್ ನಮಾಜು ಮುಗಿಸಿಕೊಂಡು ಬಂದ್ರೇನ್ರಿ?"

ಜುಬೈದಾ ಅದನ್ನು ಮಲಯಾಳಕ್ಕೆ ತಿರುಗಿಸಲಿಲ್ಲ. ತಿರುಗಿಸಬೇಕಾಗಿಯೂ ಇರಲಿಲ್ಲ. ಈದ್, ನಮಾಜ್, ಎರಡು ಮಾತು ಅವರಿಗೆ ತಿಳಿದವು. ಅವರು ತಮ್ಮ ಹೊಸ ಅಂಗಿಯನ್ನು ತಾವೇ ಒಮ್ಮೆ ನೋಡಿಕೊಂಡರು. ಜುಬೈದಾಳ ಮುಖ ನೋಡಿದರು. ಅವರಿಗೆ ಮೊದಲೇ ಗೊತ್ತಿತ್ತೋ, ಆಗ ಗೊತ್ತಾಯಿತೋ, ದಾವಲಬಿಗೆ ತಿಳಿಯಲಿಲ್ಲ. ಗೊತ್ತಿರಬೇಕೆಂದೇನೂ ಇಲ್ಲ. ಕಂಟೈನರ್ ತುಂಬಬೇಕು ಎಂದಷ್ಟೇ ಹೇಳಿ ಮಸೀದಿಗೆ ಹೋಗಬಹುದು. ಉಳಿದದ್ದನ್ನು ಮಾಡಲು ಕೀಲಿ ಹಿಡಿದವರು ಇರುತ್ತಾರೆ.

ಅವರು ಜುಬೈದಾಳ ಹತ್ತಿರ ಮೆಲ್ಲಗೆ ಮಾತಾಡಿದರು. ಜುಬೈದಾ ತಲೆಯೆತ್ತದೆ ಹೇಳಿದಳು.

"ಎಲ್ಲರಿಗೂ ಮನೆಯಿಂದ ಬಿರಿಯಾನಿ ಕಳಿಸ್ತಾರಂತೆ. ಮಟನ್. ಉಂಡು ಕೆಲಸಕ್ಕೆ ಕೂತ್ಕೊಳ್ಳಿ ಅಂತೆ. ಸಂಜೆ ಒಳಗೆ ಮುಗಿಸಿದ್ರೆ ನಾಳೆ ರಜೆಯಂತೆ."

ಬಿರಿಯಾನಿ ಎಂದೊಡನೆ ಕೆಲವರು ಗೇಟಿನತ್ತ ನೋಡಿದರು. ದಾವಲಬಿಯ ಬಾಯಲ್ಲೂ ನೀರೂರಿತು. ಅದಕ್ಕೆ ಅವಳಿಗೆ ಅಳು ಬಂತು. ಅಳು ನುಂಗಿಕೊಂಡಳು.

"ಬಿರಿಯಾನಿ ಬ್ಯಾಡ್ರಿ," ಎಂದಳು. "ಗೇಟು ತಗೀರಿ. ಖಾಲಾನ್ನ ದವಾಖಾನಿಗೆ ಕರಕೊಂಡು ಹೋಗಬೇಕು. ಆಮ್ಯಾಲೆ ಹಬ್ಬ ಮಾಡಬೇಕು."

"ಎಲ್ಲಿಗೆ ಹೋಗ್ತಿ ನೀನು?" ಜುಬೈದಾಳ ದನಿ ಒಡೆದಿತ್ತು. "ಈ ಊರಿನ ದಾರಿ ಗೊತ್ತುಂಟಾ ನಿನಗೆ? ಭಾಷೆ ಗೊತ್ತುಂಟಾ?"

"ಗೊತ್ತಿಲ್ರಿ. ಗೇಟು ತಗೀರಿ."

ಹಾಜಿಯಾರ್ ವಿಲ್ಸನ್‌ನತ್ತ ನೋಡಿದರು. ವಿಲ್ಸನ್ ಐಸಿನ ಕೆಳಗಿನ ಸಿಗಡಿಯತ್ತ ನೋಡಿದ. ಐಸು ಕರಗುತ್ತಿತ್ತು. ಹೊರಗೆ ಕಂಟೈನರಿನವನು ಹಾರ್ನು ಹೊಡೆದ. ಮತ್ತೆ ಹೊಡೆದ.

ದಾವಲಬಿಯ ಮೊಣಕಾಲುಗಳು ಅದುರತೊಡಗಿದವು. ಕೈಯಿಂದ ಒತ್ತಿ ಹಿಡಿದಳು. ನಿಲ್ಲಲಿಲ್ಲ. ಅವಳು ಕುಳಿತ ಕ್ರೇಟು ಅದುರಿ ಸಿಮೆಂಟಿನ ನೆಲಕ್ಕೆ ಟಕಟಕ ಬಡಿಯತೊಡಗಿತು. ಕಂಪ್ರೆಸರು ಇರಲಿಲ್ಲ. ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಆ ಸದ್ದೊಂದೇ ಎಲ್ಲರಿಗೂ ಕೇಳುತ್ತಿತ್ತು. ಹಾಜಿಯಾರರಿಗೂ ಕೇಳುತ್ತಿತ್ತು. ಹುಡುಗಿ ಹೆದರಿದ್ದಾಳೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಅವಳು ಹೆದರಿದ್ದಳು. ಅವಳು ಎದ್ದು ಕೆಲಸಕ್ಕೆ ಮರಳಲೆಂದು ಅವರು ಕಾದರು.

ಅವಳು ಏಳಲಿಲ್ಲ.